ಜೊತೆಯಲ್ಲೇ ಇರಬಹುದೆಂದುಕೊಂಡು (ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಗೋದಲಿಯನ್ನು ನಾವಿನ್ನೂ ತೆಗೆದಿಲ್ಲ. ಬಾಲಯೇಸು ಹುಲ್ಲಿನ ಮೇಲೆ ಮಲಗಿಯೇ ಇದ್ದಾರೆ. ಆದರೆ ಇಂದಿನ ಶುಭಸಂದೇಶದಲ್ಲಿ ಅವರಿಗೆ ಆಗಲೇ ಹನ್ನೆರಡು ವರ್ಷ. ನಮ್ಮ ಲೆಕ್ಕದಲ್ಲಿ ಏಳನೆಯ ತರಗತಿಯ ಹುಡುಗ. ಪಾಸ್ಕ ಹಬ್ಬ ಮುಗಿಸಿ ಜೆರುಸಲೇಮಿನಿಂದ ನಜರೇತಿಗೆ ಹೊರಟ ಗುಂಪು ಅದು. ನೂರು ಕಿಲೋಮೀಟರಿಗೂ ಹೆಚ್ಚಿನ ಕಾಲುದಾರಿ. ಮಗ ನೆಂಟರಿಷ್ಟರ ಜೊತೆ ಬರುತ್ತಿರಬಹುದೆಂದು ತಿಳಿದು ತಂದೆತಾಯಿ ಒಂದು ದಿನದ ದಾರಿ ನಡೆದೇಬಿಟ್ಟರು.

ಮರಿಯಮ್ಮನವರಂಥ ತಾಯಿ, ಜೋಸೆಫರಂಥ ತಂದೆ ದಿನವಿಡೀ ಹಿಂತಿರುಗಿ ನೋಡಲಿಲ್ಲವೇ ಎಂದು ಉಪದೇಶದ ತರಗತಿಯಲ್ಲಿ ಒಬ್ಬ ಹುಡುಗ ನಮ್ಮನ್ನು ಕೇಳಿದ್ದ. ಒಳ್ಳೆಯ ಪ್ರಶ್ನೆ. ಅವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಇಷ್ಟೊಂದು ಜನರಲ್ಲಿ ಯಾರಾದರೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಂಡರು, ಅಷ್ಟೇ. ನಾವೆಲ್ಲರೂ ದಿನವೂ ಅಂದುಕೊಳ್ಳುವುದು ಅದನ್ನೇ.

ರಜೆ ಮುಗಿದು ಶಾಲೆಗಳು ಮತ್ತೆ ತೆರೆಯಲಿವೆ. ನಮ್ಮ ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಇದು ಹಣ್ಣು ಕುಯ್ಯುವ ಕಾಲ. ಅಪ್ಪ ಅಮ್ಮ ಬೆಳಗಾಗುವ ಮೊದಲೇ ಅಡುಗೆ ಮುಗಿಸಿ ತೋಟಕ್ಕೆ ಹೊರಡುವ ಅವಸರದಲ್ಲಿರುತ್ತಾರೆ. ಒಂಬತ್ತು ವರ್ಷದ ಅಕ್ಕ ಆರು ವರ್ಷದ ತಮ್ಮನನ್ನು ಕರೆದುಕೊಂಡು, ಏಳು ಗಂಟೆಯ ಬಸ್ಸಿಗೆಂದು ಮಂಜಿನಲ್ಲಿ ನಡೆಯುತ್ತಾಳೆ. ಡಿಸೆಂಬರ್ 22 ಕಳೆಯಿತು, ಇನ್ನು ಬೇಗ ಬೆಳಕಾಗುತ್ತದೆ ಎಂದು ಹಲವರು ತಿಳಿದಿದ್ದೀರಿ. ಹಗಲು ದೊಡ್ಡದಾಗುವುದು ನಿಜ, ಆದರೆ ಸಂಜೆಯ ಕಡೆಗೆ ಮಾತ್ರ. ನಮ್ಮಲ್ಲಿ ಸೂರ್ಯೋದಯ ಜನವರಿ ಮೂರನೆಯ ವಾರದವರೆಗೂ ತಡವಾಗುತ್ತಲೇ ಹೋಗಿ 6.50ನ್ನು ದಾಟುತ್ತದೆ. ಅಂದರೆ ಮಕ್ಕಳ ಪಾಲಿಗೆ ಅತ್ಯಂತ ಕತ್ತಲೆಯ ಬೆಳಗುಗಳು ಇನ್ನು ಮುಂದೆ ಬರಬೇಕಾಗಿವೆ.

ಹೋದ ಜನವರಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಇದುವರೆಗೆ ಇಲ್ಲಿ ನಿಂತು ಹೇಳಲು ಧೈರ್ಯವಾಗಿರಲಿಲ್ಲ. ಉಪಕೇಂದ್ರದಲ್ಲಿ ಬೆಳಗಿನ ಪೂಜೆಯಿತ್ತು. ತಡವಾಗಿತ್ತೆಂದು ಜೀಪನ್ನು ಸ್ವಲ್ಪ ಜೋರಾಗಿಯೇ ಓಡಿಸುತ್ತಿದ್ದೆವು. ತಿರುವಿನಲ್ಲಿ ದಟ್ಟ ಮಂಜು. ಚೆನ್ನಾಗಿ ಕಾಣಲೆಂದು ಹೈಬೀಮ್ ಹಾಕಿದೆವು. ಮಂಜಿಗೆ ಹೈಬೀಮ್ ಹಾಕಿದರೆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ, ಲೋಬೀಮ್ ಹಾಕಬೇಕು ಎಂಬುದು ಗೊತ್ತಿದ್ದೂ ಹಾಗೆ ಮಾಡಿದೆವು. ಎದುರಿಗೆ ಬಿಳಿಯ ಗೋಡೆ ಮಾತ್ರ. ಆ ಗೋಡೆಯ ಬುಡದಲ್ಲಿ ಎರಡು ಜೊತೆ ಬಿಳಿ ಕಾಲುಚೀಲಗಳು ನಡೆಯುವುದು ಕಂಡಿತು. ಮೇಲೆ ಏನೂ ಇರಲಿಲ್ಲ. ಬ್ರೇಕ್ ತುಳಿದೆವು. ಜೀಪು ನಿಂತಾಗ ಬಂಪರಿಗೂ ಆ ಮಕ್ಕಳಿಗೂ ನಡುವೆ ಒಂದು ಮಾರು ಅಂತರವೂ ಇರಲಿಲ್ಲ.

ಕಿವಿ ಮುಚ್ಚುವ ಟೊಪ್ಪಿಯಿಂದಾಗಿ ಅವರಿಗೆ ಜೀಪಿನ ಸದ್ದೇ ಕೇಳಿರಲಿಲ್ಲ. ರಸ್ತೆಯ ಎಡಬದಿಯಲ್ಲಿ, ವಾಹನಗಳಿಗೆ ಬೆನ್ನು ಮಾಡಿ ನಡೆಯುತ್ತಿದ್ದರು. ಹುಡುಗಿ ತಿರುಗಿ, ನಕ್ಕು, ‘ಗುಡ್ ಮಾರ್ನಿಂಗ್ ಫಾದರ್’ ಎಂದಳು. ನಮ್ಮ ಕೈ ನಡುಗುತ್ತಿತ್ತು. ಆಗ ಅವಳ ಮೈಮೇಲಿದ್ದ ಕಡುನೀಲಿ ಸ್ವೆಟರಿನ ಗುರುತು ಹತ್ತಿತು. ಕ್ರಿಸ್ತಜಯಂತಿಗೆಂದು ಇದೇ ಪೀಠದ ಮುಂದೆ ನಾವೇ ಹಂಚಿದ ಸ್ವೆಟರ್ ಅದು. ಬಣ್ಣ ಆರಿಸಿದವರೂ ನಾವೇ, ಕೊಳೆ ಕಾಣುವುದಿಲ್ಲವೆಂದು.

ಆನೆ ಇಳಿದಿದೆ ಎಂಬ ಸುದ್ದಿ ಬಂದರೆ ಇಡೀ ಊರು ಮಕ್ಕಳನ್ನು ಮನೆಯೊಳಗೆ ಕೂರಿಸುತ್ತದೆ. ಮಂಜು ಇಳಿದರೆ ಯಾರೂ ತುಟಿ ಬಿಚ್ಚುವುದಿಲ್ಲ.

ಪ್ರಿಯ ತಂದೆಯರೇ, ಬೈಕಿನಲ್ಲಿ ಮಕ್ಕಳನ್ನು ಬಿಡುವವರಿಗೆ ಒಂದು ಮಾತು. ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿದರೆ ಅದು ಕಣ್ಣ ಮುಂದೆಯೇ ಇರುತ್ತದೆ ಎನ್ನುತ್ತೀರಿ. ಆ ಚಳಿಗಾಳಿ ಮೊದಲು ಯಾರ ಎದೆಗೆ ಬಡಿಯುತ್ತದೆ? ಅಪ್ಪನ ಜಾಕೆಟಿಗೆ ಮಗು ತಡೆಗೋಡೆಯಾಗುತ್ತದೆ! ಹಿಂದೆ ಕೂರಿಸುವಾಗಲೂ ಮಫ್ಲರಿನ, ಶಾಲಿನ ತುದಿಗಳನ್ನು ಸ್ವೆಟರಿನ ಒಳಗೆ ಸೇರಿಸಿ; ಚಕ್ರಕ್ಕೆ ಸಿಕ್ಕಿದರೆ ಕತ್ತಿಗೇ ಉರುಳು. ಹೆಲ್ಮೆಟ್ ಬಗ್ಗೆ ನಾವು ಹೇಳುವುದಕ್ಕಿಂತ ಮೊದಲೇ ಕಾನೂನು ಹೇಳಿದೆ. 2019ರ ತಿದ್ದುಪಡಿ ಕಾಯ್ದೆಯು ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಅದನ್ನು ಕಡ್ಡಾಯ ಮಾಡಿದೆ. 9 ತಿಂಗಳಿನಿಂದ 4 ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಚಾಲಕನಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿಯೂ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು, ಇದು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ದಪ್ಪ ಉಣ್ಣೆ ಟೊಪ್ಪಿಯ ಮೇಲೆ ಹೆಲ್ಮೆಟ್ ಹಾಕಿದರೆ ಅದು ತಲೆಗೆ ಸರಿಯಾಗಿ ಕೂರುವುದಿಲ್ಲ. ಒಳಗೆ ತೆಳುವಾದ ಬಟ್ಟೆ ಸಾಕು.

ನಡೆದು ಹೋಗುವ ಮಕ್ಕಳೇ, ಬಲಬದಿಯಲ್ಲಿ ನಡೆಯಿರಿ, ಬರುವ ಗಾಡಿ ನಿಮ್ಮ ಕಣ್ಣಿಗೇ ಕಾಣುತ್ತದೆ. ತಿರುವಿನಲ್ಲಿ ಟೊಪ್ಪಿಯನ್ನು ಕಿವಿಯಿಂದ ಸರಿಸಿ. ತಾಯಂದಿರೇ, ಎಷ್ಟೇ ಅವಸರವಿದ್ದರೂ ಬಿಸಿ ಗಂಜಿಯನ್ನೋ ರೊಟ್ಟಿಯನ್ನೋ ತಿನ್ನಿಸದೆ ಕಳಿಸಬೇಡಿ. ಬರಿಹೊಟ್ಟೆಗೆ ಚಳಿ ಹೆಚ್ಚು.

ಒಂದೇ ಲೈನಿನಿಂದ, ಒಂದೇ ಹೊತ್ತಿಗೆ ಏಳೆಂಟು ಮಕ್ಕಳು ಬೇರೆ ಬೇರೆಯಾಗಿ ಹೊರಡುತ್ತಾರೆ. ಅವರನ್ನು ಒಟ್ಟುಗೂಡಿಸಿ, ದಿನಕ್ಕೊಬ್ಬ ಹಿರಿಯರು ಟಾರ್ಚ್ ಹಿಡಿದು ಬಸ್ಸಿನವರೆಗೆ ಹೋಗಲಾಗದೇ? ತೋಟದ ಕೆಲಸ ಬಿಟ್ಟ ಅಜ್ಜಂದಿರು ನಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಮಂದಿ ಇದ್ದೀರಿ! ಬಸ್ ಹತ್ತಿಸುವ ಮೊದಲು ತಲೆ ಎಣಿಸಿರಿ. ಮರಿಯಮ್ಮ, ಜೋಸೆಫರ ಗುಂಪಿನಲ್ಲಿ ಸಂಜೆಯವರೆಗೆ ಯಾರೂ ಎಣಿಸಿರಲಿಲ್ಲ.

ಪೂಜೆಯ ನಂತರ ಸಭಾಂಗಣಕ್ಕೆ ಬನ್ನಿ. ಬೆಳಕು ಬಿದ್ದರೆ ಹೊಳೆಯುವ, ಬಟ್ಟೆಗೆ ಹೊಲಿಯುವಂಥ ಪಟ್ಟಿಯ ಸುರುಳಿಗಳನ್ನು ತರಿಸಿದ್ದೇವೆ. ಬೆನ್ನಿಗೊಂದು, ತೋಳಿಗೊಂದೊಂದು, ಶಾಲೆಯ ಚೀಲಕ್ಕೊಂದು. ಹೋದ ವರ್ಷದ ನೀಲಿ ಸ್ವೆಟರುಗಳನ್ನು ಮೊದಲು ತನ್ನಿ. ಸೂಜಿ ಹಿಡಿಯಲು ಬರುವವರು ಒಂದು ಗಂಟೆ ಉಳಿಯಿರಿ. ನಾವೂ ಕೂರುತ್ತೇವೆ, ಗುಂಡಿ ಹೊಲಿಯುವಷ್ಟನ್ನು ಗುರುಮಠದಲ್ಲಿ ಕಲಿತಿದ್ದೇವೆ.