ಸವಳು ಮಣ್ಣಿನ ಸಸಿಗೆ ಟಾನಿಕ್ ಸಾಕೇ?

(ಬನಶಂಕರಿಯಲ್ಲಿ ಸೇರಿದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಜೆ.ಪಿ. ನಗರದ ಸಂಘದಲ್ಲಿ ಒಬ್ಬ ಅಕ್ಕ ಎರಡು ಸಾವಿರ ರೂಪಾಯಿ ಸಾಲ ಕೇಳಿದರು. ಯಾತಕ್ಕಮ್ಮಾ ಅಂದ್ವಿ. ಊರಿನ ಗದ್ದೆಗೆ ಟಾನಿಕ್ ತರಬೇಕು ಅಂದರು. ಸಿಂಧನೂರು ಕಡೆಯವರು. ಗಂಡ ಹೆಂಡತಿ ಇಲ್ಲಿ ಕಟ್ಟಡದ ಕೆಲಸ ಮಾಡ್ತಾರೆ, ಅಲ್ಲಿ ಎರಡು ಎಕರೆ ಸವಳು ಹಿಡಿದಿದೆ. ಎರಡು ವರ್ಷದಿಂದ ಭತ್ತದ ಸಸಿ ತುದಿ ಒಣಗಿ ಸಾಯ್ತಿದೆ. "ಈ ಬಾಟ್ಲಿ ಹೊಡೆದರೆ ಉಪ್ಪು ಇಳಿಯುತ್ತೆ" ಅಂತ ಯಾರೋ ಅಂಗಡಿಯವರು ಹೇಳಿದ್ದಾರಂತೆ. ಆವತ್ತು ನಮಗೆ ಉತ್ತರ ಗೊತ್ತಿರಲಿಲ್ಲ. ವಿಚಾರಿಸಿ ತಿಳಿದುಕೊಂಡು ಈಗ ಹೇಳ್ತಿದ್ದೇವೆ.

ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಅಲ್ಲಿನ ನೀರಾವರಿಯ ಲೆಕ್ಕ ಹಾಕಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಜನ ಭತ್ತಕ್ಕೆ ಇಳಿದರು. ತಪ್ಪು ಅನ್ನೋದು ಹೇಗೆ, ಅನ್ನ ಸಿಕ್ಕಿತಲ್ಲ! ಆದರೆ ಕಪ್ಪು ಮಣ್ಣಿನಲ್ಲಿ ನೀರು ಬಸಿಯದೆ ಅಂತರ್ಜಲ ಮೇಲೆ ಬಂತು. ಬಿಸಿಲಿಗೆ ನೀರು ಆರಿತು, ಉಪ್ಪು ಉಳಿಯಿತು.

ಮಾವಿನ ಹೋಳಿಗೆ ಉಪ್ಪು ಬೆರೆಸಿದರೆ ನೀರು ಬಿಡುತ್ತೆ ಅಲ್ವಾ? ಸವಳಿನಲ್ಲಿ ಬೇರಿನ ಪಾಡೂ ಹಾಗೇ. ಗದ್ದೆಯಲ್ಲಿ ನೀರು ನಿಂತಿದ್ದರೂ ಕುಡಿಯಕ್ಕಾಗಲ್ಲ. ಮೇಲಾಗಿ ಸೋಡಿಯಂ ಎಲೆಗೇರಿ ತುದಿ ಸುಡುತ್ತೆ. ಭತ್ತ ಮೊಳೆಯುವಾಗ ಉಪ್ಪು ತಡೆದುಕೊಳ್ಳುತ್ತೆ. ಎರಡು ಮೂರು ಎಲೆ ಬಂದಾಗ ತಡೆಯಲ್ಲ, ಹೂವಾಗುವಾಗ ಮತ್ತೆ ಕಷ್ಟ.

ಇನ್ನು ಟಾನಿಕ್ ವಿಷಯ. ಪೂರ್ತಿ ಸುಳ್ಳಲ್ಲ. ಬೆಳವಣಿಗೆ ನಿಯಂತ್ರಕ ಅಂತ ಕರೆಯುವ ಪದಾರ್ಥಗಳು ಗಿಡದೊಳಗೇ ಇವೆ. ಜಿಬ್ಬರೆಲಿಕ್ ಆಮ್ಲ ಮೊಳಕೆ ಎಬ್ಬಿಸುತ್ತೆ, ಸ್ಯಾಲಿಸಿಲಿಕ್ ಆಮ್ಲ ಕಷ್ಟ ತಡೆಯುವ ಶಕ್ತಿ ಕೊಡುತ್ತೆ. ಇಂಥ ದ್ರಾವಣದಲ್ಲಿ ಬೀಜ ನೆನೆಸಿ ಬಿತ್ತಿದರೆ ಉಪ್ಪಿನಲ್ಲೂ ಸಸಿ ಚೆನ್ನಾಗಿ ಬಂದದ್ದು ಅನೇಕ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಪ್ರಮಾಣ ನೋಡಿ: ಸ್ಯಾಲಿಸಿಲಿಕ್ ಆಮ್ಲ ಲೀಟರಿಗೆ ಸುಮಾರು 70 ಮಿಲಿಗ್ರಾಂ ಅಷ್ಟೇ. ಅಡುಗೆಮನೆ ಚಮಚದಲ್ಲಿ ಅಳೆಯೋ ಮಾತಲ್ಲ. ಹೆಚ್ಚಾದರೆ ಕೆಡುಕು. ಜಪಾನಿನಲ್ಲಿ ಭತ್ತದ ಸಸಿ ಹುಚ್ಚಾಗಿ ಎತ್ತರ ಬೆಳೆದು ಬೀಳುವ ರೋಗವಿತ್ತು. ಅದಕ್ಕೆ ಒಂದು ಶಿಲೀಂಧ್ರ ಬಿಡುವ ಪದಾರ್ಥವೇ ಕಾರಣ ಅಂತ 1926ರಲ್ಲಿ ಕುರೊಸಾವಾ ತೋರಿಸಿದರು. ಜಿಬ್ಬರೆಲಿನ್ ಸಿಕ್ಕಿದ್ದೇ ಆ ರೋಗದಿಂದ.

ಯಾವ ಬಾಟ್ಲಿಯೂ ಮಣ್ಣಿನ ಉಪ್ಪು ತೆಗೆಯಲ್ಲ. ಸಸಿಗೆ ಮೊದಲ ಕೆಲವು ವಾರ ದಾಟಿಸಲು ಕೈಹಿಡಿಯಬಹುದು, ಅಷ್ಟೇ. ಉಪ್ಪು ಹೋಗಬೇಕಾದರೆ ಬಸಿಗಾಲುವೆ ತೆಗೆದು ಸಿಹಿನೀರಿನಿಂದ ತೊಳೆಯಬೇಕು. ಜಿಪ್ಸಂ ಬೇಕೋ ಬೇಡವೋ ಮಣ್ಣು ಪರೀಕ್ಷೆ ಹೇಳುತ್ತೆ, ಏಕೆಂದರೆ ಅದು ಕ್ಷಾರ ಮಣ್ಣಿಗೆ ಮಾತ್ರ. ಮೂವತ್ತೈದು ದಿನದ ಬಲಿತ ಸಸಿಯನ್ನು ಗುಣಿಗೆ ಒಂದೆರಡು ಹೆಚ್ಚು ಹಾಕಿ ನಾಟಿ ಮಾಡುವುದೂ ಒಂದು ದಾರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೇ ಕೆಲಸ ನಡೆಯುತ್ತೆ. ಬಾಟ್ಲಿಗೆ ಮೊದಲು ಅಲ್ಲಿ ಕೇಳಿ.

ನಮ್ಮ ಬಿ.ಟಿ.ಎಂ. ಲೇಔಟ್ ಕಡೆಯವರಿಗೂ ಒಂದು ಮಾತು. ಫಿಲ್ಟರ್ ಬಿಡುವ ವೇಸ್ಟ್ ನೀರನ್ನು ದಿನಾ ಕುಂಡಕ್ಕೆ ಹುಯ್ಯಬೇಡಿ, ಅದರಲ್ಲಿ ಉಪ್ಪು ಹೆಚ್ಚು. ಹುರುಳಿಕಾಯಿ ಗಿಡ ಮೊದಲು ಸಾಯುತ್ತೆ. ಆ ನೀರು ನೆಲ ಒರೆಸಲು ಇರಲಿ.

ಆ ಅಕ್ಕನ ಸಾಲ ಮಂಜೂರಾಗಿದೆ, ಬಸಿಗಾಲುವೆ ಕೆಲಸಕ್ಕೆ. ಹಬ್ಬಕ್ಕೆ ಊರಿಗೆ ಹೋದಾಗ ಗದ್ದೆಯ ನಾಲ್ಕು ಕಡೆಯ ಮಣ್ಣು ಚೀಲದಲ್ಲಿ ತೆಗೆದು ಪರೀಕ್ಷೆಗೆ ಕೊಟ್ಟು ಬರ್ತೀನಿ ಅಂದಿದ್ದಾರೆ.