ಕೋಡಿಂಗ್‌ನ ಮೊದಲ ಪಾಠ ಮನೆಯಲ್ಲಾಗಲಿ



ಕಂಪ್ಯೂಟರ್ ಕೊಳ್ಳುವ ಶಕ್ತಿಯಿಲ್ಲವೆಂದು ನಾವು ಮಕ್ಕಳ ಕಲಿಕೆಯನ್ನು ಮುಂದೂಡುತ್ತಿದ್ದೇವೆ. ಆದರೆ ಕೋಡಿಂಗ್ ಎಂದರೆ ಮೂಲತಃ ಕೆಲಸವೊಂದನ್ನು ಹಂತಗಳಾಗಿ ವಿಂಗಡಿಸಿ ಕ್ರಮವಾಗಿ ಆದೇಶಿಸುವುದು. ವುಝೂ ಕಲಿತ ಮಗು ಕ್ರಮವನ್ನು ಬಲ್ಲದು. ಖಾನಾಪುರದ ಕುಂಬಾರರನ್ನು ಕೇಳಿ: ಒಣಗುವ ಮುನ್ನ ಸುಟ್ಟ ಮಡಕೆ ಬಿರಿಯುತ್ತದೆ. ಕ್ರಮ ತಪ್ಪಿದ ಪ್ರೋಗ್ರಾಮ್‌ನ ಗತಿಯೂ ಅದೇ.

'ಅಲ್ಗಾರಿದಮ್' ಎಂಬ ಪದವು 9ನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖವಾರಿಝ್ಮಿಯವರ ಹೆಸರಿನಿಂದ ಬಂದುದು. ಈ ಪರಂಪರೆಯನ್ನು ವೇದಿಕೆಗಳಲ್ಲಿ ಹೊಗಳಿದರೆ ಸಾಲದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ನೆಯ ತರಗತಿಯಿಂದ ಕೋಡಿಂಗ್ ಕಲಿಸಲು ಶಿಫಾರಸು ಮಾಡಿತು. ಅದಕ್ಕೂ ಮುಂಚಿನ ಅಡಿಪಾಯವನ್ನು ನಾವೇ ಹಾಕೋಣ.

ಮನೆಯಿಂದ ಮಸೀದಿಗೆ ಹೋಗುವ ದಾರಿಯನ್ನು 'ಹತ್ತು ಹೆಜ್ಜೆ ಮುಂದೆ, ಬಲಕ್ಕೆ ತಿರುಗು' ಎಂದು ಮಗು ಬರೆಯಲಿ. ತಂದೆ ಬರೆದಂತೆಯೇ ನಡೆಯಲಿ. ದಾರಿ ತಪ್ಪಿದರೆ ಗದರಿಸಬೇಡಿ. ಮಗುವೇ ಹುಡುಕಿ ತಿದ್ದಲಿ. ಎಂಟು ವರ್ಷ ತುಂಬಿದ ಮೇಲೆ, ಬಂಧುಗಳ ಮನೆಯಲ್ಲಾದರೂ ಕಂಪ್ಯೂಟರ್ ದೊರೆತಾಗ, ಅಮೆರಿಕದ ಎಂ.ಐ.ಟಿ. 2007ರಲ್ಲಿ ಹೊರತಂದ 'ಸ್ಕ್ರ್ಯಾಚ್' ತೆರೆದುಕೊಡಿ. ಅದು ಉಚಿತ.

ಕೊನೆಯದಾಗಿ, ಮಗನಿಗೆ ಮೊಬೈಲ್, ಮಗಳಿಗೆ ಅಡುಗೆಮನೆ ಎಂಬ ಹಂಚಿಕೆಯನ್ನು ಕೈಬಿಡೋಣ. ಇಬ್ಬರೂ ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ನಾಳೆ ಇಬ್ಬರ ಬಗ್ಗೆಯೂ ನಾವು ಉತ್ತರಿಸಬೇಕಿದೆ.