ಅಪ್ಪನ ಅಂಗಿಯ ಅಳತೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



"ಸಾಫ್ಟ್‌ವೇರ್ ಇಂಜಿನಿಯರು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಹೇಳುತ್ತೇನೆ. ಆದರೆ ನಾನು ಹೇಳುವುದು ಬಟ್ಟೆ ಹೊಲಿಯುವ ವಿಷಯ. ಕಂಪ್ಯೂಟರ್ ಅದರೊಳಗೇ ಬರುತ್ತದೆ.

ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದ್ದು 2001ರಲ್ಲಿ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಮೂರೂ ತಾಲ್ಲೂಕಿನ ಗಡಿ ಹಳ್ಳಿಗಳಿಂದ ಆಗ ಇಲ್ಲಿಗೆ ಮಕ್ಕಳು ನಡೆದು ಬರುತ್ತಿದ್ದರು. ನನ್ನ ಸಮವಸ್ತ್ರ ಹೊಲಿಸುವಾಗ ಅವ್ವ ಟೈಲರಿಗೆ ಹೇಳಿದ್ದು ಒಂದೇ ಮಾತು: "ಬೆಳೆಯೋ ಹುಡುಗ ಕಣಪ್ಪ, ದೊಡ್ಡದಾಗೇ ಹೊಲಿ." ಎಂಟನೇ ತರಗತಿಯಲ್ಲಿ ಪ್ಯಾಂಟಿನ ತುದಿ ಮೂರು ಸುತ್ತು ಮಡಿಸಿಕೊಂಡಿದ್ದೆ. ಹತ್ತಕ್ಕೆ ಬರುವಷ್ಟರಲ್ಲಿ ಅದು ಕಣಕಾಲಿನ ಮೇಲಿತ್ತು. ನಡುವೆ ಒಂಬತ್ತನೇ ತರಗತಿಯಲ್ಲಿ ಒಂದಾರು ತಿಂಗಳು ಮಾತ್ರ ಸರಿಯಾಗಿತ್ತು. ಇಲ್ಲಿ ನಗುತ್ತಿರುವವರೆಲ್ಲ ಅದೇ ಪ್ಯಾಂಟು ಹಾಕಿದವರು ಎಂದು ನನಗೆ ಗೊತ್ತು.

ಅದೇ ವರ್ಷ ಮೇಷ್ಟ್ರು ನಮ್ಮನ್ನು ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದರು. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಅದರಲ್ಲಿ ಸಾಲು ಸಾಲು ಸೈನಿಕರು, ಎಲ್ಲರಿಗೂ ಒಂದೇ ಥರದ ಕೋಟು. "ಇವರಿಗೂ ನಮ್ಮ ಟೈಲರ್ರೇ ಇರಬೇಕು" ಎಂದು ಒಬ್ಬ ಹೇಳಿ ಮೇಷ್ಟ್ರ ಹತ್ತಿರ ಕಿವಿ ಹಿಂಡಿಸಿಕೊಂಡ. ಇವತ್ತು ಅಂಗಡಿಯಲ್ಲಿ ನಾವು ಕೊಳ್ಳುವ ರೆಡಿಮೇಡ್ ಬಟ್ಟೆಯೂ ಹೀಗೇ. ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಕೆಲವೇ ಅಚ್ಚು. ಅದರಲ್ಲಿ ಯಾವುದೋ ಒಂದಕ್ಕೆ ನಮ್ಮ ಮೈ ಒಗ್ಗಬೇಕು.

ಆ ಅಚ್ಚು ಮಾಡುವುದೂ ಸುಲಭವಲ್ಲ. ಅಮೆರಿಕದ ಕೃಷಿ ಇಲಾಖೆಯವರು 1939-40ರಲ್ಲಿ ಸುಮಾರು 15 ಸಾವಿರ ಹೆಂಗಸರ ಮೈಯಳತೆ ತೆಗೆದರು, ಒಬ್ಬೊಬ್ಬರಿಂದ 59 ಅಳತೆ. ನಮ್ಮ ದೇಶದಲ್ಲಿ ಬಹಳ ಕಾಲ ಹೊರದೇಶದ ಸೈಜುಗಳನ್ನೇ ಹೆಚ್ಚುಕಡಿಮೆ ಮಾಡಿ ಬಳಸಿದ್ದೇವೆ. ಈಚೆಗೆ ನಿಫ್ಟ್ ಸಂಸ್ಥೆ 'ಇಂಡಿಯಾ ಸೈಜ್' ಎಂಬ ಯೋಜನೆ ಕೈಗೊಂಡು ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25 ಸಾವಿರ ಜನರನ್ನು ಅಳೆಯಲು ಹೊರಟಿತು. ಒಳ್ಳೆಯ ಕೆಲಸವೇ. ಆದರೆ ಅಷ್ಟು ಜನರನ್ನು ಅಳೆದರೂ ಸಿಗುವುದು ಸರಾಸರಿ. ನಮ್ಮಪ್ಪ ಯಾವ ಸರಾಸರಿಗೂ ಸಿಕ್ಕುವವನಲ್ಲ. ಅದು ನನಗೆ ಹೇಗೆ ಗೊತ್ತಾಯಿತು ಎಂಬುದೇ ನನ್ನ ಇವತ್ತಿನ ಕಥೆ.

ಮೊದಲು ನಮ್ಮ ಅಕ್ಕನ ವಿಷಯ. ಅಕ್ಕ ಇದೇ ಶಾಲೆಯಲ್ಲಿ 2000ರಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಗಣಿತದಲ್ಲಿ 96. ನಾಲ್ಕು ವರ್ಷದ ನಂತರ ನನಗೆ ಬಂದದ್ದು 81. ಮನೆಯಲ್ಲಿ ಇಬ್ಬರನ್ನೂ ಓದಿಸುವ ಶಕ್ತಿ ಇರಲಿಲ್ಲ. ಅಕ್ಕ ಮನೆಯಲ್ಲಿ ಉಳಿದಳು, ಹೊಲಿಗೆ ಕಲಿತಳು. ನಾನು ಮುಂದೆ ಓದಿದೆ. ಮಂಡ್ಯದಲ್ಲಿ ಬಿ.ಇ.ಗೆ ಸೇರಿದಾಗ ಮೊದಲ ಕಂತಿನ ಹಾಸ್ಟೆಲ್ ದುಡ್ಡು 6 ಸಾವಿರ ಕೊಟ್ಟವಳು ಅಕ್ಕ. ಆಗ ಒಂದು ರವಿಕೆಗೆ 25 ರೂಪಾಯಿ. ಅಂದರೆ 240 ರವಿಕೆ. ಈ ಲೆಕ್ಕ ನಾನು ಆವತ್ತು ಮಾಡಿರಲಿಲ್ಲ. ಬಹಳ ವರ್ಷ ಆದ ಮೇಲೆ ಮಾಡಿದೆ.

2020ರಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬೆಂಗಳೂರಿನಿಂದ ಊರಿಗೆ ಬಂದೆ. ಸಂಜೆ ಹೊತ್ತು ಕೆಲಸ ಇರುತ್ತಿರಲಿಲ್ಲ. ಮನೆಯಲ್ಲಿ ಅಕ್ಕನ ಹಳೆಯ ಕಾಲು ಮೆಷಿನ್ ಇತ್ತು. ಅಪ್ಪನಿಗೆ ಒಂದು ಅಂಗಿ ನಾನೇ ಹೊಲಿದು ಕೊಡೋಣ ಅನ್ನಿಸಿತು. ಹೊಲಿಗೆ ಬರುತ್ತಿರಲಿಲ್ಲ, ಕಂಪ್ಯೂಟರ್ ಬರುತ್ತಿತ್ತು. ಹುಡುಕಿದಾಗ ಬಟ್ಟೆಯ ನಮೂನೆ ಬರೆಯುವ ತಂತ್ರಾಂಶಗಳು ಸಿಕ್ಕವು. ಉಕ್ರೇನ್ ದೇಶದ ರೋಮನ್ ಟೆಲಿಝಿನ್ಸ್ಕಿ ಎಂಬುವರು 2013ರಲ್ಲಿ ಶುರು ಮಾಡಿದ 'ವ್ಯಾಲೆಂಟಿನಾ', ಅದರಿಂದಲೇ ಕವಲೊಡೆದ 'ಸೀಮ್ಲಿ ಟುಡಿ', ಬೆಲ್ಜಿಯಂನವರೊಬ್ಬರು ಕಟ್ಟಿದ 'ಫ್ರೀಸೂಯಿಂಗ್'. ಮೂರಕ್ಕೂ ದುಡ್ಡು ಕೊಡಬೇಕಾಗಿಲ್ಲ. ಒಳಗಿನ ಕೋಡ್ ಕೂಡ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು.

ಮಕ್ಕಳೇ, ಇದು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುತ್ತೇನೆ. ಟೈಲರ್ ಖಾಕಿ ಕಾಗದದ ಮೇಲೆ ಗೆರೆ ಎಳೆಯುವುದನ್ನು ನೋಡಿದ್ದೀರಿ. ಅದನ್ನೇ ಇಲ್ಲಿ ಪರದೆಯ ಮೇಲೆ ಎಳೆಯಬೇಕು. ಆದರೆ "ಇಲ್ಲಿಂದ 11 ಇಂಚು" ಎಂದು ಬರೆಯುವ ಬದಲು "ಎದೆ ಸುತ್ತಳತೆ ಭಾಗಿಸು 4, ಕೂಡಿಸು 1" ಎಂದು ಸೂತ್ರ ಬರೆಯಬೇಕು. ಎದೆ ಸುತ್ತಳತೆ 40 ಎಂದು ಕೊಟ್ಟರೆ 11 ಬರುತ್ತದೆ, 36 ಎಂದರೆ 10. ಅಳತೆಗಳೆಲ್ಲ ಬೇರೆ ಒಂದು ಪಟ್ಟಿಯಲ್ಲಿರುತ್ತವೆ. ಆ ಪಟ್ಟಿ ಬದಲಾಯಿಸಿದರೆ ಕೊರಳು, ಕಂಕುಳು, ತೋಳು, ಎಲ್ಲ ಗೆರೆಯೂ ತಾನೇ ಹೊಸದಾಗಿ ಬರೆದುಕೊಳ್ಳುತ್ತದೆ. 'ಕ್ಷ' ಎಂದರೆ ಏನು ಪ್ರಯೋಜನ ಸಾರ್ ಎಂದು ನಾವು ಬೀಜಗಣಿತದ ಪಿರಿಯಡ್ಡಿನಲ್ಲಿ ಕೇಳುತ್ತಿದ್ದೆವಲ್ಲ, ಆ 'ಕ್ಷ' ಅಂದರೆ ಅಪ್ಪನ ಎದೆ ಸುತ್ತಳತೆ ಎಂದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ.

ಅಳತೆ ತೆಗೆದೆ, ನಮೂನೆ ಬರೆದೆ. ಜೆರಾಕ್ಸ್ ಅಂಗಡಿಯಲ್ಲಿ ಮೂವತ್ತಕ್ಕೂ ಹೆಚ್ಚು ಎ4 ಹಾಳೆ ಪ್ರಿಂಟ್ ಹಾಕಿಸಿ, ಗೋಂದು ಹಚ್ಚಿ ಜೋಡಿಸಿದೆ. ಪೇಟೆಯಿಂದ ಎರಡೂವರೆ ಮೀಟರ್ ಬಟ್ಟೆ ತಂದು, ಅದೇ ದಿನ ಕತ್ತರಿಸಿ, ಹದಿನೈದು ದಿನ ಒದ್ದಾಡಿ ಹೊಲಿದೆ. ಅಪ್ಪ ಹಾಕಿಕೊಂಡ. ಕಾಲರಿನ ಗುಂಡಿ ಹಾಕಲಾಗಲಿಲ್ಲ. ಎದೆ ಬಿಗಿ. ಕೊರಳಿಂದ ಬಲಗಂಕುಳಿನವರೆಗೆ ಓರೆಯಾಗಿ ನಿರಿಗೆ ಬಿದ್ದಿತ್ತು. "ಚೆನ್ನಾಗದೆ ಬುಡು" ಅಂದ ಅಪ್ಪ, ಉಸಿರು ಹಿಡಿದುಕೊಂಡು.

ಲಾಕ್‌ಡೌನ್ ಸಡಿಲವಾದಾಗ ಅಕ್ಕ ನಾಗಮಂಗಲದ ಕಡೆಯಿಂದ ಬಂದಳು. ಅಂಗಿ ನೋಡಿ ಕೇಳಿದಳು: "ಏನ್ಲಾ ಇದು? ಅಪ್ಪಂಗೆ ಹೊಲ್ದಿದ್ಯೋ, ಕಂಪ್ಯೂಟರ್‌ಗೆ ಹೊಲ್ದಿದ್ಯೋ?"

ತಂತ್ರಾಂಶದ್ದೇ ತಪ್ಪು ಎಂದೆ. ಅಕ್ಕ ಜಗಳ ಆಡಲಿಲ್ಲ. ಇಂಚು ಟೇಪು ತೆಗೆದು ನಾನು ಅಂಟಿಸಿದ್ದ ಕಾಗದದ ಮೇಲೆ ಇಟ್ಟಳು. 11 ಇಂಚು ಇರಬೇಕಾದ ಕಡೆ ಹತ್ತೂವರೆ ಇತ್ತು. ಪ್ರಿಂಟ್ ಹಾಕಿಸುವಾಗ 'ಹಾಳೆಗೆ ಹೊಂದಿಸು' ಎಂಬ ಆಯ್ಕೆ ಹಾಗೇ ಉಳಿದು, ಇಡೀ ನಮೂನೆ ನೂರಕ್ಕೆ ನಾಲ್ಕು ಪಾಲು ಕುಗ್ಗಿತ್ತು. ತಪ್ಪು ನನ್ನದು. ಕಾಲರಿಗೆ 15 ಇಂಚು ಇದ್ದದ್ದು 14.4 ಆಗಿತ್ತು. ಮೊದಲ ಹಾಳೆಯಲ್ಲಿ 10 ಸೆಂ.ಮೀ. ಚೌಕ ಒಂದನ್ನು ಬರೆದು, ಪ್ರಿಂಟ್ ಆದ ತಕ್ಷಣ ಸ್ಕೇಲಿನಿಂದ ಅಳೆದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

"ಬಟ್ಟೆ ನೆನೆಸಿದ್ಯಾ?" ಎಂಬುದು ಎರಡನೇ ಪ್ರಶ್ನೆ. ನೆನೆಸಿರಲಿಲ್ಲ. ಹತ್ತಿ ಬಟ್ಟೆಯನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಒಗೆದಾಗ ಇನ್ನೂ ಕುಗ್ಗುತ್ತದೆ.

ಮೂರನೆಯದು ಕೇಳಿ ನಾನು ಸುಮ್ಮನಾದೆ. "ಅಪ್ಪನ್ನ ಯಾವತ್ತಾದ್ರೂ ಹಿಂದ್ಲಿಂದ ನೋಡಿದ್ಯೇನ್ಲಾ?"

ಅಪ್ಪನನ್ನು ಅಂಗಳದಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿದಳು. ಬಲಭುಜ ಎಡಕ್ಕಿಂತ ಒಂದು ಇಂಚು ಕೆಳಗಿತ್ತು. ಜೀವನವೆಲ್ಲ ಕಬ್ಬಿನ ಹೊರೆ ಹೊತ್ತದ್ದು ಆ ಭುಜದ ಮೇಲೆ. ನಾನು ಎಷ್ಟು ವರ್ಷ ಆ ಬೆನ್ನನ್ನು ನೋಡಿದ್ದೇನೆ, ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಬಟ್ಟೆಯನ್ನು ಎರಡಾಗಿ ಮಡಿಸಿ ಕತ್ತರಿಸಿದರೆ ಎಡ ಬಲ ಒಂದೇ ಆಗುತ್ತದೆ. ನನ್ನ ಸೂತ್ರಗಳೂ ಅರ್ಧ ಮೈಗೇ ಬರೆದವು. ಇನ್ನರ್ಧ ಅದರ ಹಾಗೇ ಇದೆ ಎಂದು ನಾನೇ ಅಂದುಕೊಂಡಿದ್ದೆ. ನಾನು ಹೇಳಿದ್ದನ್ನಷ್ಟೇ ಕಂಪ್ಯೂಟರ್ ಮಾಡಿತ್ತು.

ಅವತ್ತು ರಾತ್ರಿ ಅಕ್ಕ, ನಾನು ಕೂತು ಬಲಭಾಗ, ಎಡಭಾಗ ಬೇರೆ ಬೇರೆ ಬರೆದೆವು. ಕೊರಳಂಚಿನಿಂದ ಭುಜದ ತುದಿಗೆ ಅಡ್ಡಕ್ಕೆ 6 ಇಂಚು. ಬಲಗಡೆ ಇಳಿತ ಎರಡೂವರೆ, ಎಡಗಡೆ ಒಂದೂವರೆ. ಬಲಭುಜದ ಗೆರೆಯ ಉದ್ದ ಎಷ್ಟು ಎಂದು ನಾನು ಫಾರ್ಮುಲಾ ಟೈಪ್ ಮಾಡುತ್ತಿದ್ದೆ. ಅಕ್ಕ ಬಾಯಲ್ಲೇ ಹೇಳಿದಳು: "ಆರೂವರೆ." ಆರರ ವರ್ಗ 36, ಎರಡೂವರೆಯ ವರ್ಗ 6.25, ಕೂಡಿದರೆ 42.25, ಅದರ ವರ್ಗಮೂಲ 6.5. ಪೈಥಾಗೊರಸ್ ಪ್ರಮೇಯ. "ಐದು, ಹನ್ನೆರಡು, ಹದಿಮೂರು ಅಂತ ಮೇಷ್ಟ್ರು ಬಾಯಿಪಾಠ ಮಾಡ್ಸಿದ್ರಲ್ಲ, ಅದ್ರರ್ಧ ಕಣೋ" ಎಂದು ನಕ್ಕಳು. ಇಪ್ಪತ್ತು ವರ್ಷ ಆಗಿತ್ತು ಅವಳು ಶಾಲೆ ಬಿಟ್ಟು.

ಹಳೆಯ ಪಂಚೆಯೊಂದರಲ್ಲಿ ಮೊದಲು ಹೊಲಿದು, ತೊಡಿಸಿ ನೋಡಿದೆವು. ಎರಡು ಕಡೆ ತಿದ್ದಿದೆವು. ಆಮೇಲೆ ಮೇಲುಕೋಟೆಯಲ್ಲಿ 1960ರಲ್ಲಿ ಸುರೇಂದ್ರ ಕೌಲಗಿಯವರು ಕಟ್ಟಿದ ಜನಪದ ಸೇವಾ ಟ್ರಸ್ಟಿನ ಖಾದಿ ತಂದು, ನೆನೆಸಿ, ಅಂಗಿ ಹೊಲಿದೆವು. ಅಪ್ಪ ಅದನ್ನು ಹಾಕಿಕೊಂಡು ಕೈ ಮೇಲೆತ್ತಿದ, ಇಳಿಸಿದ, ಮತ್ತೆ ಎತ್ತಿದ. ಆ ಸಲ "ಚೆನ್ನಾಗದೆ" ಅನ್ನಲಿಲ್ಲ. ಹಾಗೇ ಹಾಕಿಕೊಂಡು ಟೀ ಅಂಗಡಿಗೆ ಹೋದ.

ಅಲ್ಲಿಂದ ಮುಂದೆ ಕೆಲಸ ತಲೆಕೆಳಗಾಯಿತು. ನಾನು ಕಲಿಸುವುದು ನಿಂತು, ಅಕ್ಕನಿಂದ ಬರೆದುಕೊಳ್ಳುವುದು ಶುರುವಾಯಿತು. ಅವಳ ಹತ್ತಿರ ಇನ್ನೂರು ಪುಟದ ಒಂದು ಅಳತೆ ಪುಸ್ತಕ ಇದೆ. ಮಳೆಯಲ್ಲಿ ನೆಂದು ಅರ್ಧ ಅಕ್ಷರ ಅಳಿಸಿಹೋಗಿದೆ. ಅದಕ್ಕಿಂತ ಹೆಚ್ಚಿನದು ತಲೆಯಲ್ಲಿದೆ. ಎದೆ 36 ಇದ್ದರೆ ರವಿಕೆಯ ಕಂಕುಳಿನ ಇಳಿತ ಆರನೇ ಒಂದು ಭಾಗ, ಅಂದರೆ 6. ಇದು ಪುಸ್ತಕದಲ್ಲೂ ಸಿಗುತ್ತದೆ. "ವರ್ಷಗಟ್ಟಲೆ ನಾಟಿ ಹಾಕ್ದೋರ ಬೆನ್ನು ಬಗ್ಗಿರ್ತದೆ. ಅವ್ರಿಗೆ ಹಿಂದ್ಗಡೆ ಅರ್ಧ ಇಂಚು ಜಾಸ್ತಿ ಬುಡು, ಮುಂದ್ಗಡೆ ಅರ್ಧ ಇಂಚು ಕಡಿಮೆ ಮಾಡು." ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಈಗ ಅದು ನಮ್ಮ ನಮೂನೆಯಲ್ಲಿ ಒಂದು ಸಾಲು.

ಇನ್ನೊಂದು ವಿಷಯ ಹೇಳಲೋ ಬೇಡವೋ ಎಂದು ಅಕ್ಕನನ್ನು ಕೇಳಿದೆ. ಹೆಸರು ಊರು ಬಿಟ್ಟು ಹೇಳು ಎಂದಳು. ಒಬ್ಬ ತಾಯಿಗೆ ಕ್ಯಾನ್ಸರ್ ಆಪರೇಷನ್ ಆಗಿ ಎದೆಯ ಒಂದು ಬದಿ ತೆಗೆದಿದ್ದರು. ಗುಣವಾಗಿ ಮನೆಗೆ ಬಂದರು. ಆದರೆ ಯಾವ ಅಂಗಡಿಗೆ ಹೋಗಿ ಅಳತೆ ಕೊಡುವುದು, ಯಾರ ಮುಂದೆ ಹೇಳುವುದು? ಹಳೆಯ ರವಿಕೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದು, ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರು. ಅಕ್ಕ ಅವರ ಮನೆಗೇ ಹೋಗಿ, ಬಾಗಿಲು ಹಾಕಿಕೊಂಡು ಅಳತೆ ತೆಗೆದು, ನನಗೆ ಫೋನಿನಲ್ಲಿ ಅಂಕಿಗಳನ್ನು ಮಾತ್ರ ಹೇಳಿದಳು. ಯಾರು ಎಂದು ಕೇಳಿದೆ. "ಹೆಸ್ರು ನಿಂಗ್ಯಾಕ್ಲಾ? ಅಳತೆ ಸಾಕು" ಅಂದಳು. ಎಡಕ್ಕೊಂದು, ಬಲಕ್ಕೊಂದು ನಮೂನೆ ಬರೆದು, ಒಳಗೆ ಹತ್ತಿ ತುಂಬಿದ ಮೆತ್ತೆಗೆ ಒಂದು ಜೇಬು ಇಟ್ಟು ರವಿಕೆ ಹೊಲಿದಳು. ಆ ಕಡತಕ್ಕೆ ನನ್ನಲ್ಲಿರುವುದು ಒಂದು ನಂಬರು ಅಷ್ಟೇ. ಆ ತಾಯಿ ಮಗನ ಮದುವೆಯಲ್ಲಿ ಧಾರೆಗೆ ನಿಂತರು ಎಂದು ಅಕ್ಕ ಆಮೇಲೆ ಹೇಳಿದಳು. ನಾನು ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾನು ಬರೆದದ್ದರಿಂದ ಒಬ್ಬರು ಮನೆಯಿಂದ ಹೊರಗೆ ಬಂದರು ಎಂದು ಹೇಳಬಹುದಾದದ್ದು ಇದೊಂದೇ.

ಹಾಗಾಗಿ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ಕೋರಿಕೆ. ನನ್ನ ಕಾಣಿಕೆಯಾಗಿ ಎರಡು ಹೊಲಿಗೆ ಯಂತ್ರ, ಒಂದು ಪ್ರಿಂಟರ್ ಕೊಡುತ್ತೇನೆ. ಶಾಲೆಯ ಕಂಪ್ಯೂಟರುಗಳಿಗೆ ಈ ತಂತ್ರಾಂಶ ಹಾಕಿಕೊಡುತ್ತೇನೆ. ತಿಂಗಳಿಗೊಂದು ಶನಿವಾರ ನಾನು ಬರುತ್ತೇನೆ. ಹುಡುಗರೂ ಹುಡುಗಿಯರೂ ಇಬ್ಬರೂ ಕೂರಬೇಕು. ಮೊದಲ ಪಾಠ ತಮ್ಮ ಸಮವಸ್ತ್ರವನ್ನು ತಮ್ಮ ಅಳತೆಗೆ ಬರೆದುಕೊಳ್ಳುವುದು. ಬೆಳೆಯುವ ಮಕ್ಕಳಿಗೆ ಮಡಿಕೆಯೊಳಗೆ ಎರಡು ಇಂಚು ಬಿಟ್ಟು ಹೊಲಿದು, ವರ್ಷಕ್ಕೊಮ್ಮೆ ಬಿಚ್ಚಿ ಇಳಿಸಿಕೊಳ್ಳಬಹುದು. ಮೂರು ಸುತ್ತು ಮಡಿಸಬೇಕಾಗಿಲ್ಲ.

ಆದರೆ ಕಂಪ್ಯೂಟರ್ ಮಾತ್ರ ನನ್ನ ಪಾಲು. ಅಳೆಯುವುದನ್ನು, ಕತ್ತರಿಸುವುದನ್ನು, ಮನುಷ್ಯರನ್ನು ಹಿಂದಿನಿಂದಲೂ ನೋಡುವುದನ್ನು ಕಲಿಸಬೇಕಾದವಳು ಅಕ್ಕ. ವೇದಿಕೆಗೆ ಬಾ ಎಂದರೆ ಬರಲಿಲ್ಲ. ಅಲ್ಲಿ ಹೆಂಗಸರ ಸಾಲಿನಲ್ಲಿ, ಅಪ್ಪನ ಹಿಂದೆ ಕೂತಿದ್ದಾಳೆ. ಅಪ್ಪ ಇವತ್ತು ಆ ಅಂಗಿಯನ್ನೇ ಹಾಕಿಕೊಂಡು ಬಂದಿದ್ದಾನೆ.

ಸಾರ್, ನಮ್ಮ ಶಾಲೆಯ 2000ನೇ ಇಸವಿಯ ರಿಜಿಸ್ಟರಿನಲ್ಲಿ ಅವಳ ಹೆಸರಿದೆ, ಗಣಿತದ ಮುಂದೆ 96 ಎಂದಿದೆ. ಅವಳನ್ನು ಒಂದು ಶನಿವಾರ ಇದೇ ಶಾಲೆಗೆ, ಈ ಸಲ ಮೇಷ್ಟ್ರಾಗಿ, ಕರೆಯಿರಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.